ಕತ್ತರಿಗೆ ಕರೆಂಟ್ ಬೇಕಿಲ್ಲ

ಕುರ್ಚಿ ಮಾತು | ಭಾಗ 9



ಹೋದ ವಾರ ಒಬ್ಬ ತಮ್ಮ ಮೆಸೇಜ್ ಹಾಕಿದ್ದ. "ಅಣ್ಣಾ, ಕಟಿಂಗ್ ಕೆಲಸ ಕಲೀಬೇಕಂತೀನಿ. ಮೊದಲ ಯಾವ ಮಷೀನ್ ತಗೊಳ್ಳಲಿ?"

ತಮ್ಮಾ, ಮೊದಲ ಮಷೀನ್ ತಗೋಬ್ಯಾಡ. ಒಂದು ಒಳ್ಳೆ ಕತ್ತರಿ, ಒಂದು ಬಾಚಣಿಗೆ ತಗೋ. ಯಾಕೆ ಅಂತ ಹೇಳ್ತೀನಿ, ಕೊನೆತನಕ ಓದು. ಕಟಿಂಗ್ ಮಾಡಿಸ್ಕೊಳ್ಳೋರೂ ಓದ್ರಿ. ನಿಮಗೂ ಒಂದು ಮಾತು ಅದ.

ಮಷೀನಿನ 1 ನಂಬರ್ ಗಾರ್ಡ್ ಅಂದ್ರೆ ಸುಮಾರು 3 ಮಿಲಿಮೀಟರ್, 2 ನಂಬರ್ ಅಂದ್ರೆ 6. ಅದು ಎಲ್ಲ ತಲೆಗೂ ಒಂದೇ ಅಳತೆ ಕೊಡುತ್ತೆ. ಆದರೆ ತಲೆಗಳು ಒಂದೇ ಥರ ಇರಲ್ಲ. ಒಬ್ಬರಿಗೆ ಹಿಂದಲೆ ಉಬ್ಬು, ಒಬ್ಬರಿಗೆ ಚಪ್ಪಟೆ. ಒಬ್ಬರ ಕೂದಲು ಬಲಕ್ಕೆ ಬೀಳುತ್ತೆ, ಇನ್ನೊಬ್ಬರದು ಎಡಕ್ಕೆ. ಇದನ್ನ ಕೈಗೆ ಕಲಿಸೋದು ಕತ್ತರಿ-ಬಾಚಣಿಗೆ ಕೆಲಸ ಮಾತ್ರ.

ಬಾಚಣಿಗೆಯನ್ನ ಕುತ್ತಿಗೆ ಕಡೆಯಿಂದ ನಿಧಾನಕ್ಕೆ ಮೇಲೆ ಏರಿಸು. ಹಲ್ಲಿನಿಂದ ಹೊರಗೆ ಬಂದ ಕೂದಲನ್ನಷ್ಟೇ ಕತ್ತರಿಸು. ಕತ್ತರಿಯ ಒಂದು ಅಲಗು ಬಾಚಣಿಗೆಗೆ ಒರಗಿ ಸುಮ್ಮನಿರಬೇಕು, ಹೆಬ್ಬೆರಳಿನ ಅಲಗು ಮಾತ್ರ ಆಡಬೇಕು. ಬಾಚಣಿಗೆ ನಡುವೆ ನಿಂತರೆ ಮೆಟ್ಟಿಲು ಬೀಳುತ್ತೆ. ಶುರುವಿನಲ್ಲಿ ಎಲ್ಲರಿಗೂ ಬೀಳುತ್ತೆ, ಹೆದರಬ್ಯಾಡ.

ಸುಳಿ ನೋಡದೆ ಕತ್ತರಿ ಹಾಕಬೇಡ. ಜೋಡು ಸುಳಿ ಇದ್ದವನಿಗೆ ಎರಡು ಮದುವೆ ಅಂತ ಹಿರಿಯರು ನಗಿಸ್ತಾರೆ. ಮದುವೆ ಮಾತು ನನಗೆ ಗೊತ್ತಿಲ್ಲ. ಸುಳಿ ಹತ್ತಿರ ತೀರಾ ಗಿಡ್ಡ ಮಾಡಿದರೆ ಕೂದಲು ಮುಳ್ಳಿನಂಗೆ ಎದ್ದು ನಿಲ್ಲೋದು ಮಾತ್ರ ಗ್ಯಾರಂಟಿ. ಹಸಿ ಕೂದಲು ಉದ್ದ ಕಾಣುತ್ತೆ, ಒಣಗಿದ ಮೇಲೆ ಮೇಲಕ್ಕೇರುತ್ತೆ. ಗುಂಗುರು ಕೂದಲಾದರೆ ಇನ್ನೂ ಜಾಸ್ತಿ. ಅದಕ್ಕೇ ಸ್ವಲ್ಪ ಬಿಟ್ಟು ಕತ್ತರಿಸು. ಕೂದಲು ಬೆಳೆಯೋದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು. ನಿನ್ನ ಒಂದು ತಪ್ಪನ್ನ ಗಿರಾಕಿ ತಿಂಗಳಗಟ್ಟಲೆ ತಲೆ ಮೇಲೆ ಹೊತ್ತು ತಿರುಗಬೇಕಾಗುತ್ತೆ.

ಕೆಲಸ ಮುಗೀತು ಅನ್ನಿಸಿದಾಗ ಕುರ್ಚಿಗೆ ಒಂದು ಸುತ್ತು ಹಾಕು. ನಮ್ಮ ಶಹಾಪುರದ ಗುಡ್ಡ ನೋಡು. ಒಂದು ಕಡೆಯಿಂದ ನೋಡಿದರೆ ಮಲಗಿದ ಬುದ್ಧ, ಇನ್ನೊಂದು ಕಡೆಯಿಂದ ಬರೀ ಬಂಡೆ. ಕಟಿಂಗೂ ಹಂಗೇ. ಕನ್ನಡಿಯಲ್ಲಿ ಚೆಂದ ಕಂಡರೆ ಸಾಲದು.

ಇನ್ನು ಗಿರಾಕಿ ಜೊತೆ ಮಾತು. "ಸಣ್ಣ ಮಾಡು" ಅಂತಾರೆ. ಹೊಲದಿಂದ ಬಂದ ಕಾಕಾ ಹೇಳೋ ಸಣ್ಣ ಬೇರೆ, ಕಾಲೇಜು ಹುಡುಗ ಹೇಳೋ ಸಣ್ಣ ಬೇರೆ. ಬೆರಳಿಟ್ಟು ತೋರಿಸಿ ಕೇಳು, "ಇಷ್ಟು ಇರಲೇನ್ರೀ?" ಹೋದ ಸಲ ಏನು ಸರಿ ಅನ್ನಿಸಲಿಲ್ಲ ಅಂತಾನೂ ಕೇಳು. ಮೊಬೈಲಿನಲ್ಲಿ ಹೀರೋ ಫೋಟೋ ತೋರಿಸಿದರೆ ನಗಬೇಡ. "ಅವರ ಕೂದಲು ದಪ್ಪ, ನಿಮ್ದು ತೆಳು, ಹತ್ತಿರ ಹತ್ತಿರ ಮಾಡಬಹುದು" ಅಂತ ಕತ್ತರಿ ಹಾಕೋ ಮುಂಚೆ ಹೇಳು. ಮುಂಚೆ ಹೇಳಿದರೆ ಸಲಹೆ, ಆಮೇಲೆ ಹೇಳಿದರೆ ನೆಪ.

ಕೆಲವಕ್ಕೆ ಇಲ್ಲ ಅನ್ನೋದನ್ನೂ ಕಲೀಬೇಕು. "ಕುತ್ತಿಗಿ ಲಟಕ್ ಅನಸು" ಅಂದರೆ ಕೈ ಮುಗಿದು ಬಿಡು. ಕುತ್ತಿಗೆ ತಿರುವಿದಾಗ ಮಿದುಳಿಗೆ ಹೋಗೋ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಹೊಡೆದ ಉದಾಹರಣೆಗಳಿವೆ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬೇಡವೇ ಬೇಡ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದಿಂದ ಹರಡುತ್ತವೆ. ಗಿರಾಕಿಗಳೇ, ಹೊಸ ಬ್ಲೇಡು ನಿಮ್ಮ ಕಣ್ಣೆದುರಿಗೇ ಹಾಕಿಸ್ಕೊಳ್ರಿ. ಕೇಳೋದಕ್ಕೆ ಸಂಕೋಚ ಬೇಡ.

ಇವು ಕೆಲಸಕ್ಕೆ ಹೇಳೋ 'ಇಲ್ಲ'. ಮನುಷ್ಯನಿಗೇ 'ಇಲ್ಲ' ಅನ್ನೋದು ಬೇರೆ. ಇವತ್ತು ಬರೆಯೋಕೆ ಕೂತಿದ್ದು ಅದಕ್ಕೇ.

ನಾನು ಕೆಲಸ ಕಲಿತದ್ದು ಬೇರೆ ಊರಲ್ಲಿ. ಹೆಸರು ಬೇಡ. ಒಂದು ದಿನ ನನ್ನ ವಯಸ್ಸಿನ ಹುಡುಗ ಬಂದು ಬಾಗಿಲ ಹೊರಗೇ ನಿಂತ. ಮರುದಿನ ಅವರ ಅಕ್ಕನ ಮದುವೆ. ಉಸ್ತಾದ ತಲೆ ಎತ್ತದೆ "ಮಷೀನ್ ಕೆಟ್ಟದಪ್ಪ" ಅಂದ. ಹುಡುಗ ಮಷೀನ್ ಕಡೆ ನೋಡಲಿಲ್ಲ. ಕನ್ನಡಿ ಮುಂದೆ ಇಟ್ಟಿದ್ದ ಕತ್ತರಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಬಸ್ ಹತ್ತಿ ಪ್ಯಾಟಿಗೆ ಹೋದ. ಆ ಹೊತ್ತಿಗೆ ನನಗೆ ಕತ್ತರಿ ಕೆಲಸ ಬರುತ್ತಿತ್ತು. ಬಾಯಿ ಬರಲಿಲ್ಲ.

ಉಸ್ತಾದ ಕೆಟ್ಟವನಲ್ಲ. ನನಗೆ ಈ ಅನ್ನ ಕೊಟ್ಟವನೇ ಅವನು. ಆದರೆ ರಾಶಿ ಆದಾಗ ಅವನಿಗೆ ಆಯದ ಜೋಳ ಕೊಡ್ತಿದ್ದ ಮನೆಯವರು "ಅವರಿಗೆ ಮಾಡಿದ್ರ ನಾವು ಬರಂಗಿಲ್ಲ" ಅಂದಿದ್ದರು. ಹೊಟ್ಟೆಯ ಭಯ ಅದು. ಆ ಭಯ ನನಗೆ ಅರ್ಥ ಆಗುತ್ತೆ, ಆದರೆ ಒಪ್ಪೋಕೆ ಆಗಲ್ಲ. ನಮ್ಮ ಕಸುಬಿನವರನ್ನೂ ಊರು ಹೆಸರಿಟ್ಟು ಹೀಯಾಳಿಸಿದೆ. ಆ ನೋವು ಗೊತ್ತಿದ್ದೂ ಇನ್ನೊಬ್ಬರಿಗೆ ಅದನ್ನೇ ಕೊಡೋದು ಯಾವ ನ್ಯಾಯ?

ಕಾನೂನು ಏನು ಹೇಳುತ್ತೆ ಅಂದರೆ, ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ಕೊಡಲ್ಲ ಅನ್ನೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಪರಾಧ. ಸಂವಿಧಾನದ 15ನೇ ವಿಧಿಯಲ್ಲಿ 'ಅಂಗಡಿ' ಅನ್ನೋ ಪದ ಇದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದರ ಅರ್ಥದ ಬಗ್ಗೆ ಚರ್ಚೆ ಆದಾಗ ಅಂಬೇಡ್ಕರ್ ಅವರು, ಕೇಳಿಕೊಂಡು ಬಂದವರಿಗೆ ಸೇವೆ ಕೊಡೋಕೆ ಸಿದ್ಧ ಇರುವ ಜಾಗ ಎಲ್ಲಾ ಅಂಗಡಿಯೇ ಅಂತ ವಿವರಿಸಿದ್ದರು. ಬಾಗಿಲ ಒಳಗೆ ಬಿಟ್ಟರೆ ಸಾಲದು, ಸೇವೆಯನ್ನೂ ಕೊಡಬೇಕು ಅನ್ನೋದು ಅವರ ಮಾತಿನ ತಿರುಳು.

ಕಾನೂನಿಗಿಂತ ಮುಂಚೆ ನಮ್ಮ ಗೋಡೆ ಮೇಲಿನ ಫೋಟೋ ಇದೆ. ಹಡಪದ ಅಪ್ಪಣ್ಣ, 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಪಕ್ಕದಲ್ಲಿದ್ದ ಶರಣ, ವಚನಕಾರ. ದಿನಾ ಅವನಿಗೆ ಊದುಬತ್ತಿ ಹಚ್ಚಿ, ಅವನ ಕಣ್ಣೆದುರೇ ಜಾತಿ ಕೇಳಿ ಕುರ್ಚಿ ಕೊಡೋದಾದರೆ ಆ ಫೋಟೋ ಇಳಿಸಿಬಿಡೋದೇ ವಾಸಿ.

ಗಿರಾಕಿಗಳಿಗೆ ನನ್ನ ಮಾತು ಇಷ್ಟೇ. ಪಕ್ಕದ ಕುರ್ಚಿಗೆ ಯಾರೇ ಬಂದರೂ ಜೋರಾಗಿ "ಕುಂದ್ರಲಿ ಬಿಡಪ್ಪ" ಅನ್ರಿ. ಅಂಗಡಿಯವನ ಅರ್ಧ ಭಯ ಅಲ್ಲೇ ಹೋಗುತ್ತೆ. ಅವನೊಬ್ಬನ ತಲೆ ಮೇಲೆ ಇಡೀ ಊರಿನ ಭಾರ ಹಾಕಬೇಡ್ರಿ.

ತಮ್ಮಾ, ನಿನಗೆ: ಆರು ತಿಂಗಳು ಕತ್ತರಿ ಹಿಡಿ, ಆಮೇಲೆ ಮಷೀನ್ ತಗೋ. ಬಂದ ಎಲ್ಲ ತಲೆಗೂ ಕೆಲಸ ಮಾಡು, ಕೈ ಪಳಗೋದು ಹಂಗೇ. ಬಾಗಿಲಲ್ಲಿ ಒಬ್ಬ ನಿಂತಾಗ "ಮಷೀನ್ ಕೆಟ್ಟದ", "ಕರೆಂಟ್ ಇಲ್ಲ" ಅನ್ನೋ ಮಾತು ನಿನ್ನ ಬಾಯಿಂದ ಬರಬಾರದು.

ಕತ್ತರಿಗೆ ಕರೆಂಟ್ ಬೇಕಿಲ್ಲ. "ಒಳಗ ಬಾ, ಕುಂದ್ರು" ಅನ್ನಬೇಕು, ಅಷ್ಟೇ.

ಮುಂದಿನ ಭಾಗ: ಗಡ್ಡದ ಕತ್ತಿ ಹಿಡಿಯೋದು ಹೆಂಗ.

#ಕುರ್ಚಿಮಾತು #ಸಗರನಾಡು #ಕತ್ತರಿಬಾಚಣಿಗೆ