ಬಾಗಿಲಿಗೆ ಹೋಗ್ಬೇಡಿ, ಗಾಜಿನ ಹತ್ರ ಬನ್ನಿ

ಕಿಟಕಿ ಸರಣಿ: 4

ಹೋದ ವಾರ ಸಕಲೇಶಪುರ ಘಾಟ್ ಫೋಟೋ ಹಾಕಿದಾಗ ಅರ್ಧ ಕ್ಲಾಸ್ ಕೇಳಿದ್ದು ಒಂದೇ: "ಬಾಗಿಲಲ್ಲಿ ನಿಂತು ತೆಗೆದ್ಯಾ?" ಇಲ್ಲಪ್ಪ. ವಿಸ್ಟಾಡೋಮ್ ಬೋಗಿಯಲ್ಲಿ ಸೀಟಲ್ಲೇ ಕೂತು, ಮುಚ್ಚಿದ ಗಾಜಿನ ಒಳಗಿಂದ ತೆಗೆದಿದ್ದು.

"ಗಾಜಿದ್ರೆ ಫೋಟೋ ಕೆಡುತ್ತೆ" ಅನ್ನೋದನ್ನ ನಾನು ಒಪ್ಪಲ್ಲ. ಕೆಡಿಸೋದು ನಮ್ಮ ಕಡೆಯ ಬೆಳಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ ಇವೆ. ರೈಲು ಒಳಗೆ ನುಗ್ಗಿದ ತಕ್ಷಣ ಕಿಟಕಿ ನೋಡಿ. ಕಾಡು ಮಾಯ, ನಿಮ್ಮ ಮುಖ, ಪಕ್ಕದವರ ಚಿಪ್ಸ್ ಪ್ಯಾಕೆಟ್, ಮೇಲಿನ ಲೈಟು ಎಲ್ಲಾ ಗಾಜಲ್ಲಿ ಹಾಜರ್. ಆ ಪ್ರತಿಬಿಂಬ ಮೊದಲೂ ಅಲ್ಲೇ ಇತ್ತು, ಹೊರಗಿನ ಬೆಳಕು ಅದನ್ನ ಮುಚ್ಚಿತ್ತು ಅಷ್ಟೇ. ಅಂದ್ರೆ ನಿಮ್ಮ ಕೆಲಸ ಫೋನಿನ ಹಿಂದೆ ಕತ್ತಲೆ ಮಾಡೋದು. ಲೆನ್ಸನ್ನ ಗಾಜಿಗೆ ಆದಷ್ಟು ಹತ್ರ ಹಿಡೀರಿ, ಸುತ್ತ ಕಪ್ಪು ಜಾಕೆಟ್ಟೋ ದುಪಟ್ಟಾನೋ ಮರೆ ಮಾಡಿ. ಬಿಳಿ ಶರ್ಟ್ ಹಾಕಿದ್ರೆ ನೀವೇ ಒಂದು ಲೈಟು! ಫ್ಲ್ಯಾಶ್ ಆಫ್. ದೂರದ ಗುಡ್ಡದ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಇಲ್ಲಾಂದ್ರೆ ಫೋನು ಗಾಜಿನ ಮೇಲಿನ ಮಳೆಹನಿನೇ ಹಿಡ್ಕೊಂಡು ಕೂರುತ್ತೆ.

ವಿಮಾನದಲ್ಲೂ ಇದೇ ಕಥೆ. ಆದ್ರೆ ಅಲ್ಲಿ ಫೋನನ್ನ ಕಿಟಕಿಗೆ ಒತ್ತಬೇಡಿ, ನಡುಕ ಫೋಟೋಗೆ ಇಳಿಯುತ್ತೆ. ಪೋಲರೈಸರ್ ಫಿಲ್ಟರ್ ಬ್ಯಾಗಲ್ಲೇ ಇರಲಿ. ಆ ಕಿಟಕಿ ಅಕ್ರಿಲಿಕ್ ಪ್ಲಾಸ್ಟಿಕ್, ಫಿಲ್ಟರ್ ಹಾಕಿದ್ರೆ ಕಾಮನಬಿಲ್ಲಿನ ಪಟ್ಟೆ ಕಾಣುತ್ತೆ. ಕೆಳಗಿರೋ ಸಣ್ಣ ತೂತು ನೋಡಿ ಹೆದರಬೇಡಿ, ಗಾಳಿಯ ಒತ್ತಡ ಸರಿದೂಗಿಸೋಕೆ ಅಂತಲೇ ಮಾಡಿರೋದು.

ಇಷ್ಟೆಲ್ಲಾ ಯಾಕೆ ಕೊರೀತಿದ್ದೀನಿ? ಎರಡು ವರ್ಷದ ಹಿಂದೆ ಇದೇ ಘಾಟಲ್ಲಿ ನಾನೂ ಬಾಗಿಲಲ್ಲಿ ನಿಂತು ಕೈ ಹೊರಗೆ ಚಾಚಿದವನೇ. ಒಂದು ಕೊಂಬೆ ಬಡೀತು. ಫೋನು ಕಣಿವೆಗೆ, ಕೈಗೆ ಮೂರು ಹೊಲಿಗೆ. ಕೊಂಬೆ ಬರೋದು ಕಾಣಲೇ ಇಲ್ಲ, ಕಣ್ಣು ಸ್ಕ್ರೀನ್ ಮೇಲಿತ್ತು. ಕೈ ಬದಲು ತಲೆ ಹೊರಗಿದ್ದಿದ್ರೆ ಅಂತ ಈಗ್ಲೂ ರಾತ್ರಿ ಒಮ್ಮೊಮ್ಮೆ ನೆನಪಾಗುತ್ತೆ. ಅಮ್ಮನಿಗೆ "ಹಾಸ್ಟೆಲ್ ಮೆಟ್ಟಿಲಲ್ಲಿ ಬಿದ್ದೆ" ಅಂತ ಹೇಳಿದ್ದೀನಿ, ದಯವಿಟ್ಟು ಈ ಪೋಸ್ಟ್ ಅವರಿಗೆ ತೋರಿಸ್ಬೇಡಿ.

ಬಾಗಿಲಿಗೆ ಜೋತು ಬಿದ್ದ ರೀಲ್‌ಗೆ ರೀಚ್ ಜಾಸ್ತಿ, ಗೊತ್ತು. ಅದನ್ನ ಜಾಸ್ತಿ ಮಾಡೋರು ನಾವೇ ತಾನೇ? ನಾನಂತೂ ಅಂಥದ್ದಕ್ಕೆ ಲೈಕ್ ಒತ್ತೋದು ಬಿಟ್ಟಿದ್ದೀನಿ, ಗೆಳೆಯರದ್ದಾದ್ರೂ ಸರಿ. ಮೂಲೆಯಲ್ಲಿ ಸ್ವಲ್ಪ ಪ್ರತಿಬಿಂಬ ಉಳಿದಿರೋ ನಿಮ್ಮ ಗಾಜಿನ ಫೋಟೋ ಇದ್ರೆ ಟ್ಯಾಗ್ ಮಾಡಿ. ಅದಕ್ಕೆ ಲೈಕ್ ಗ್ಯಾರಂಟಿ.

#ಕಿಟಕಿಸರಣಿ #ಸಕಲೇಶಪುರ #ಗಾಜಿನಾಚೆ