ಸಾವಯವ ಹತ್ತಿಗೂ ಬಣ್ಣ ಬೇಕಲ್ಲ!

ಸಾವಯವ ಹತ್ತಿಯ ಬಟ್ಟೆ ಕೊಂಡರೆ ನದಿಗಳು ಉಳಿಯುತ್ತವೆ ಎಂದಿದೆ ಕಳೆದ ಸಂಚಿಕೆಯ ಲೇಖನ. ಹೊಲಕ್ಕೆ ರಾಸಾಯನಿಕ ಕೀಟನಾಶಕ ತಪ್ಪುತ್ತದೆ, ಒಪ್ಪೋಣ. ಆದರೆ ಆ ಹತ್ತಿಯೂ ಬಣ್ಣದ ತೊಟ್ಟಿಗೆ ಇಳಿಯಲೇಬೇಕು. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣ ನೂಲಿಗೆ ಹಿಡಿಯಲೆಂದು ತೊಟ್ಟಿಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ಕೊಳೆನೀರಿನ ಜೊತೆ ಹೊರಬೀಳುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಅದು ನೊಯ್ಯಲ್ ನದಿ ಸೇರಿತು. ನೀರಾವರಿಗೆಂದೇ ಆ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯ ನೀರು ಬೆಳೆಗೇ ಬಾರದಂತಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳಿಗೆ ಬೀಗ ಹಾಕಿಸಿದ ಮೇಲೆಯೇ ಮಾಲೀಕರಿಗೆ ಬಿಸಿ ಮುಟ್ಟಿದ್ದು, ಹನಿ ನೀರನ್ನೂ ಹೊರಬಿಡದ ಶುದ್ಧೀಕರಣ ಚುರುಕಾದದ್ದು. (ಶುದ್ಧೀಕರಣದಲ್ಲಿ ಉಳಿಯುವ ಉಪ್ಪುನೀರನ್ನು ಆವಿ ಮಾಡಲು ಉರಿಸುವ ಸೌದೆಯ ಲೆಕ್ಕ ಬೇರೆ.) ಶುದ್ಧೀಕರಣದ ಈ ಖರ್ಚನ್ನು ಬಟ್ಟೆ ಹೊಲಿಸಿಕೊಳ್ಳುವ ವಿದೇಶಿ ಬ್ರ್ಯಾಂಡುಗಳು ಪೀಸಿನ ದರದಲ್ಲಿ ತುಂಬಿಕೊಡುತ್ತವೆಯೇ? ಅಂಗಿಯ ಲೇಬಲ್ಲನ್ನು ಅಷ್ಟು ನಂಬಿದ ಲೇಖಕರು ಈ ಪ್ರಶ್ನೆಯನ್ನೇ ಎತ್ತಿಲ್ಲ.