ಅನುಕಲನ, ಒಂದು ಲೋಹದ ಸರಳು ಮತ್ತು ನನ್ನ ತಪ್ಪು



ಕಳೆದ ವಾರ ನಮ್ಮಣ್ಣನ ಮೊಮ್ಮಗಳು ಮನೆಗೆ ಬಂದಿದ್ದಳು. ದ್ವಿತೀಯ ಪಿಯುಸಿ ಓದುವ ಹುಡುಗಿ. ಅನುಕಲನದ ಸೂತ್ರಗಳನ್ನು ಮಗ್ಗಿಯಂತೆ ಒಪ್ಪಿಸಿದಳು. “ಅನುಕಲನ ಎಂದರೇನಮ್ಮ?” ಎಂದು ಕೇಳಿದೆ. “ಅವಕಲನದ ವಿಲೋಮ ಕ್ರಿಯೆ, ತಾತ” ಎಂದಳು. ತಪ್ಪಿಲ್ಲ. “ಅದರಿಂದ ಏನನ್ನು ಕಂಡುಹಿಡಿಯುತ್ತೀಯೆ?” ಎಂದೆ. “ಉತ್ತರವನ್ನು!” ಎಂದಳು. ಮನೆಯವರೆಲ್ಲ ನಕ್ಕರು. ನನಗೆ ಮಾತ್ರ ಹಳೆಯ ಸಂಗತಿಯೊಂದು ನೆನಪಾಗಿ ಮನಸ್ಸು ಮುದುಡಿತು.

ನಾನು ಪ್ರೌಢಶಾಲೆಯ ಅಧ್ಯಾಪಕನಾಗಿದ್ದರೂ ಕಾಲೇಜು ಸೇರಿದ ಹಳೆಯ ವಿದ್ಯಾರ್ಥಿಗಳು ಸಂಜೆಯ ಹೊತ್ತು ನಮ್ಮ ಮನೆಯ ಜಗಲಿಗೆ ಬಂದು ಲೆಕ್ಕ ಹೇಳಿಸಿಕೊಳ್ಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಮ್ಮೆ ಅವರಿಗೆ ಈ ಲೆಕ್ಕ ಕೊಟ್ಟಿದ್ದೆ: 4 ಮೀಟರ್ ಉದ್ದದ ಒಂದು ಲೋಹದ ಸರಳು, ಅದರ ಭಾರ ಎಲ್ಲೆಡೆ ಒಂದೇ ಸಮನಲ್ಲ. ಆರಂಭದ ತುದಿಯಲ್ಲಿ ಮೀಟರಿಗೆ 3 ಕಿಲೋಗ್ರಾಂ. ಮುಂದೆ ಸಾಗಿದಂತೆ ಪ್ರತಿ ಮೀಟರಿಗೂ ಈ ದರ 2ರಂತೆ ಒಂದೇ ಸಮನಾಗಿ ಏರಿ ಕೊನೆಯಲ್ಲಿ 11 ಆಗುತ್ತದೆ. ಒಟ್ಟು ದ್ರವ್ಯರಾಶಿ ಎಷ್ಟು?

ಎಲ್ಲರೂ ಸೂತ್ರ ಬರೆದು ಅನುಕಲಿಸಿದರು. ಒಬ್ಬ ಹುಡುಗಿ ಮಾತ್ರ ಒಂದೇ ಸಾಲು ಬರೆದಿದ್ದಳು: ಎರಡು ತುದಿಗಳ ಸರಾಸರಿ 7, ಉದ್ದ 4, ಆದ್ದರಿಂದ 28 ಕಿಲೋಗ್ರಾಂ. “ಇಷ್ಟಕ್ಕೆ ಅನುಕಲನ ಏಕೆ ಸಾರ್?” ಎಂದು ಕೇಳಿದಳು. ನಾನು ಕೆಂಪು ಶಾಯಿಯಲ್ಲಿ “ಕ್ರಮ ತಪ್ಪು” ಎಂದು ಬರೆದು, “ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ” ಎಂದು ಗದರಿದೆ. ಆಮೇಲೆ ಅವಳು ಜಗಲಿಗೆ ಬಂದಳಾದರೂ ಮತ್ತೆ ಪ್ರಶ್ನೆ ಕೇಳಲಿಲ್ಲ.

ಅವಳ ಉತ್ತರವೂ ಸರಿಯಾಗಿತ್ತು, ಕ್ರಮವೂ ಸರಿಯಾಗಿತ್ತು. ದರ ಒಂದೇ ಸಮನಾಗಿ ಏರುವಾಗ ಎರಡು ತುದಿಗಳ ಸರಾಸರಿ ಸಾಕು. ಸರಳನ್ನು ಒಂದೊಂದು ಮೀಟರಿನ ನಾಲ್ಕು ತುಂಡು ಮಾಡಿದರೆ ಅವು ಕ್ರಮವಾಗಿ 4, 6, 8, 10 ಕಿಲೋಗ್ರಾಂ ತೂಗುತ್ತವೆ; ಕೂಡಿದರೆ 28. ನಾನು ಆಡಬೇಕಾಗಿದ್ದ ಮಾತು ಬೇರೆಯೇ ಇತ್ತು: “ಭೇಷ್ ಮಗಳೇ. ದರವು ದೂರದ ವರ್ಗದಂತೆ ಏರಿದರೆ ಏನು ಮಾಡುತ್ತೀಯೆ?”

ಅಂಥ 3 ಮೀಟರಿನ ಸರಳನ್ನು ಕಲ್ಪಿಸಿಕೊಳ್ಳಿ. ಒಂದು ತುದಿಯಲ್ಲಿ ದರ 0, ಇನ್ನೊಂದರಲ್ಲಿ 9. ಸರಾಸರಿಯ ದಾರಿ ಹಿಡಿದರೆ 13.5 ಕಿಲೋಗ್ರಾಂ ಬರುತ್ತದೆ. ಒಂದೊಂದು ಮೀಟರಿನ ತುಂಡು ಮಾಡಿ, ಪ್ರತಿ ತುಂಡಿನ ನಡುವಿನ ದರ ಹಿಡಿದು ಕೂಡಿದರೆ 8.75, ಅರ್ಧ ಮೀಟರಿನ ತುಂಡುಗಳಾದರೆ ಸುಮಾರು 8.94. ತುಂಡುಗಳು ಕಿರಿದಾದಷ್ಟೂ ಮೊತ್ತ 9ರ ಸಮೀಪಕ್ಕೆ ಸರಿಯುತ್ತದೆ. ಅನುಕಲನ ಕೊಡುವ ಉತ್ತರ ಆ 9. ಹಂಚಿಕೆ ಹೇಗಿದ್ದರೂ ಸರಿ, ಚೂರುಚೂರಾಗಿಸಿ, ಪ್ರತಿ ಚೂರಿನ ಭಾರವನ್ನು ಅದು ಇರುವ ಸ್ಥಳದಲ್ಲೇ ಅಳೆದು ಕೂಡುವುದು, ಇಷ್ಟೇ ಅದರ ತಿರುಳು. 1675ರಲ್ಲಿ ಲೈಬ್‌ನಿಟ್ಸ್ ಬಳಸಿದ ಅನುಕಲನ ಚಿಹ್ನೆಯೂ ಲ್ಯಾಟಿನ್ ಭಾಷೆಯಲ್ಲಿ ಮೊತ್ತವೆಂಬ ಅರ್ಥದ ‘ಸುಮ್ಮಾ’ ಪದದ ಮೊದಲಕ್ಷರವನ್ನು ನೀಳವಾಗಿ ಎಳೆದದ್ದು.

“ಸರಳನ್ನು ತಕ್ಕಡಿಗೆ ಹಾಕಿದರಾಯಿತಲ್ಲ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ತಕ್ಕಡಿಗೆ ಬಾರದ ವಸ್ತುವೊಂದು ನಮ್ಮ ಕಾಲ ಕೆಳಗೇ ಇದೆ. ಭೂಮಿಯ ಮೇಲ್ಪದರದ ಬಂಡೆಗಳು ನೀರಿಗಿಂತ ಸುಮಾರು 2.7 ಪಟ್ಟು ಸಾಂದ್ರ. ಕೇಂದ್ರದಲ್ಲಿ ಸಾಂದ್ರತೆ ಸುಮಾರು 13 ಪಟ್ಟು. ಎರಡರ ಸರಾಸರಿ 7.85. ಆದರೆ 1798ರಲ್ಲಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಆಕರ್ಷಣೆಯನ್ನು ಅಳೆದು ಪಡೆದ ಭೂಮಿಯ ಸರಾಸರಿ ಸಾಂದ್ರತೆ 5.48. ಇಂದಿನ ಬೆಲೆ ಸುಮಾರು 5.51.

ಇಷ್ಟು ಅಂತರವೇಕೆ? ಭೂಮಿಯನ್ನು ಈರುಳ್ಳಿಯಂತೆ ಪದರ ಪದರವಾಗಿ ಭಾವಿಸಿ. ತ್ರಿಜ್ಯದ ಒಳ ಅರ್ಧದಲ್ಲಿ ಅಡಗಿರುವುದು ಒಟ್ಟು ಘನಫಲದ ಎಂಟನೆಯ ಒಂದು ಭಾಗ ಮಾತ್ರ. ಉಳಿದ ಏಳು ಭಾಗಗಳೂ ಹೊರ ಅರ್ಧದಲ್ಲಿವೆ. ಹಗುರವಾದ ಹೊರಪದರಗಳು ವಿಸ್ತಾರದಲ್ಲಿ ದೊಡ್ಡವು. ಭಾರವಾದ ಕೇಂದ್ರ ಕಿರಿದು. ಎರಡಕ್ಕೂ ಸಮಪಾಲು ಕೊಟ್ಟದ್ದೇ ತಪ್ಪು. ಸಾಂದ್ರತೆ ಕೇಂದ್ರದಿಂದ ಮೇಲಕ್ಕೆ ಒಂದೇ ಸಮನಾಗಿ ಇಳಿಯುತ್ತದೆಂದು ಭಾವಿಸಿ ಪದರಗಳನ್ನು ಅನುಕಲಿಸಿದರೆ ಸುಮಾರು 5.3 ಬರುತ್ತದೆ. ಇಷ್ಟು ಒರಟಾದ ಊಹೆಯಿಂದಲೇ ಸತ್ಯದ ಇಷ್ಟು ಸಮೀಪಕ್ಕೆ ಬಂದೆವು! ಉಳಿದ ಅಂತರಕ್ಕೂ ಕಾರಣವುಂಟು: ಸಾಂದ್ರತೆ ಒಂದೇ ಸಮನಾಗಿ ಏರುವುದಿಲ್ಲ, ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ಕಲ್ಲು ಮುಗಿದು ಕಬ್ಬಿಣದ ಗರ್ಭ ಆರಂಭವಾಗುವಲ್ಲಿ, ಅದು ಥಟ್ಟನೆ ಜಿಗಿಯುತ್ತದೆ. ಭೂಕಂಪದ ಅಲೆಗಳಿಂದ ತಿಳಿದ ಹಂಚಿಕೆ ಯಾವುದೇ ಇರಲಿ, ಅದರ ಪದರಗಳ ಮೊತ್ತ ಭೂಮಿಯ ಒಟ್ಟು ದ್ರವ್ಯರಾಶಿಗೆ ತಾಳೆಯಾಗಲೇಬೇಕು. ಆ ತಾಳೆ ನೋಡುವ ಕೆಲಸ ಅನುಕಲನದ್ದು.

ನನ್ನ ಅಭಿಪ್ರಾಯ ಇಷ್ಟು. ಅನುಕಲನವನ್ನು ಸೂತ್ರಗಳ ಪಟ್ಟಿಯಿಂದ ಆರಂಭಿಸಬಾರದು. ತುಂಡು ಮಾಡಿ ಕೂಡುವುದರಿಂದ ಆರಂಭಿಸಬೇಕು. ಸೂತ್ರವಿಲ್ಲದೆ ಬಿಡಿಸಬಹುದಾದ ಲೆಕ್ಕವನ್ನು ಮೊದಲು ಸೂತ್ರವಿಲ್ಲದೆಯೇ ಬಿಡಿಸಲು ಬಿಡಬೇಕು. ಆ ದಾರಿ ಎಲ್ಲಿ ಸೋಲುತ್ತದೆಂದು ಮಗು ತಾನೇ ಕಂಡಾಗ ಸೂತ್ರ ಬೇಕೆನಿಸುತ್ತದೆ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ಬಿ.ಎಡ್. ತರಗತಿಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಳಿಸಿದವನು ನಾನು. ಜಗಲಿಯ ಮೇಲೆ ಅದನ್ನು ಮರೆತೆ. ಮಕ್ಕಳ ಅಂಕದ ಚಿಂತೆಯಿಂದ ಹಾಗೆ ಮಾಡಿದೆನೆಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವಳ ಪ್ರಶ್ನೆಗೆ ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ.

ಅವಳ ಹೆಸರು ಇಲ್ಲಿ ಬೇಡ. ಓದಿದರೆ ಅವಳಿಗೇ ತಿಳಿಯುತ್ತದೆ. ಮಗಳೇ, ಅಂದಿನ ನಿನ್ನ 28 ಸರಿ. ಪೂರ್ಣ ಅಂಕ. ತಡವಾಯಿತು, ಕ್ಷಮಿಸು.